ತೆಂಗಿನ ಸೀಮೆಯ ಹೊಸ ಹೈನುಗಾರರು: ಲೀಟರ್ ಲೆಕ್ಕದ ನೆರವಿನ ಮಿತಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಹೈನುಗಾರಿಕೆಯನ್ನು ತೆಂಗಿನಿಂದ ಬೇರ್ಪಡಿಸಿ ನೋಡಲಾಗದು. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ಹಣವಾಗಲು ಹತ್ತಾರು ತಿಂಗಳು ಕಾಯಬೇಕು. ಅಲ್ಲಿಯವರೆಗೆ ಮನೆ ನಡೆಸುವುದು ಡೈರಿಯ ಬಟವಾಡೆ. 1990ರ ದಶಕದ ಕೊನೆಯಲ್ಲಿ ದಕ್ಷಿಣ ಭಾರತದ ತೋಟಗಳಿಗೆ ನುಸಿಪೀಡೆ ತಗುಲಿದ ಮೇಲಂತೂ ಈ ಆಸರೆಯ ತೂಕ ಹೆಚ್ಚಿತು. ಆದರೂ ಸರ್ಕಾರದ ಮುಖ್ಯ ನೆರವು ಡೈರಿಗೆ ಹಾಕಿದ ಹಾಲಿಗೇ ಅಂಟಿಕೊಂಡಿದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ ಮುಂದೆ 5 ರೂಪಾಯಿಗೆ ಏರಿದ ಪ್ರೋತ್ಸಾಹಧನ ಹಳಬರನ್ನು ಉಳಿಸಿಕೊಂಡಿತು, ನಿಜ. ಹೊಸದಾಗಿ ಹಸು ಕಟ್ಟುವವರ ಕಷ್ಟದ ಕಾಲಕ್ಕೆ ಮಾತ್ರ ಅದು ಒದಗುವುದಿಲ್ಲ ಎಂಬುದು ನನ್ನ ವಾದ.

ಮಿಶ್ರತಳಿ ಹಸು ಸುಮಾರು 305 ದಿನ ಕರೆದು, ಮುಂದಿನ ಕರುವಿಗೆ ಮುನ್ನ 60 ದಿನ ಬತ್ತಬೇಕು. ಬೆದೆ ತಪ್ಪಿದರೆ, ಗಬ್ಬ ನಿಲ್ಲದಿದ್ದರೆ ಆ ಬಿಡುವು ತಿಂಗಳುಗಟ್ಟಲೆ ಹಿಗ್ಗುತ್ತದೆ. ದಿನಕ್ಕೆ 10 ಲೀಟರ್ ಕೊಡುವಾಗ 50 ರೂಪಾಯಿ ಪ್ರೋತ್ಸಾಹಧನ. ಬತ್ತಿದ ದಿನ ಸೊನ್ನೆ. ಮೇವು, ಸಾಲದ ಕಂತು ಎರಡೂ ನಿಲ್ಲುವುದಿಲ್ಲ. ಮೂರ್ನಾಲ್ಕು ಹಸುಗಳಿರುವ ಮನೆಯಲ್ಲಿ ಒಂದು ಬತ್ತಿದರೆ ಇನ್ನೊಂದು ಕರೆಯುತ್ತಿರುತ್ತದೆ. ಒಂದೇ ಹಸುವಿನಿಂದ ಆರಂಭಿಸಿದವರು ಆ ಹೊತ್ತಿಗೇ ಅದನ್ನು ಮಾರಿಬಿಡುತ್ತಾರೆ. ಆದ್ದರಿಂದ ಕರೆಯುವ ಹಸುವಿಗೆ ಸಾಲ ಕೊಡುವ ಮೊದಲು ಮೇವಿನ ತಾಕು ಎಬ್ಬಿಸಬೇಕು. ಸುಮಾರು ಎಂಟು ವರ್ಷದೊಳಗಿನ ಎಳೆ ತೋಟಕ್ಕೂ ಇಪ್ಪತ್ತೈದು ದಾಟಿದ ಹಳೆ ತೋಟಕ್ಕೂ ಬಿಸಿಲು ಇಳಿಯುತ್ತದೆ. ಅಲ್ಲಿ ಗಿನಿ ಹುಲ್ಲು, ನೇಪಿಯರ್ ಬರುತ್ತವೆ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ತಿಪಟೂರಿನ ಪಕ್ಕದಲ್ಲೇ ಇರುವಾಗ ತರಬೇತಿಗೆ ದೂರ ಹೋಗಬೇಕಿಲ್ಲ.

ಹುಲ್ಲು ತೆಂಗಿನ ನೀರು ಕುಡಿಯುತ್ತದೆ ಎಂಬ ಆಕ್ಷೇಪ ಹಗುರವಾದುದಲ್ಲ. ಹೇಮಾವತಿ ನಾಲೆ ಮುಟ್ಟದ, ಕೊಳವೆಬಾವಿ ಸೋತ ತೋಟದಲ್ಲಿ ನೇಪಿಯರ್ ಹಾಕಿಸುವುದು ತಪ್ಪು. ಅಲ್ಲಿ ರಾಗಿ ಹುಲ್ಲಿನ ದಾಸ್ತಾನು, ಬದುವಿನ ಮೇವಿನ ಮರಗಳೇ ದಾರಿ. ಮೇವಿನ ಜೊತೆಗೆ ಬತ್ತಿದ ದಿನಗಳಿಗೂ ನೆರವು ಸಿಗಬೇಕು. ಹಾಲೇ ಕೊಡದ ದಿನಕ್ಕೆ ಹಣ ಕೊಟ್ಟರೆ ದುರುಪಯೋಗವಾಗದೇ ಎಂಬುದು ಎರಡನೆಯ ಆಕ್ಷೇಪ. ಗಬ್ಬ ನಿಂತದ್ದನ್ನು ಪಶುವೈದ್ಯರು ದೃಢೀಕರಿಸಿದ ಮೇಲೆ, ಮೊದಲೆರಡು ಸೂಲಿಗೆ ಮಾತ್ರ, ನಗದಿನ ಬದಲು ಪಶು ಆಹಾರವಾಗಿ ಕೊಟ್ಟರೆ ಆ ಭಯ ಬಹುಮಟ್ಟಿಗೆ ತಗ್ಗುತ್ತದೆ. ಸಾಲದ ಕಂತುಗಳನ್ನೂ ಕರೆಯುವ ತಿಂಗಳುಗಳಿಗೆ ಸೇರಿಸಿ, ಬತ್ತುವ ಎರಡು ತಿಂಗಳು ಬಿಡುವು ಕೊಡಬಹುದು. ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ಹಾಲಿನ ಬಟವಾಡೆಯಿಂದ ಕಂತು ಹಿಡಿಯುವ ಹಳ್ಳಿಯ ಸಂಘವೇ ಈ ಲೆಕ್ಕ ನೋಡಿಕೊಳ್ಳಬಲ್ಲದು.