ಇಂಧನ: ಸಮಿಧೆಯಿಂದ ಜಲಜನಕದವರೆಗೆ

ಇಂಧನ (ನಾ.) ಉರುವಲು, ಸೌದೆ, ಉರಿದು ಶಾಖ ಕೊಡುವ ವಸ್ತು.

‘ಹಸಿರು ಇಂಧನ’ ಎಂಬ ಮಾತು ಈಗ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ‘ಇಂಧನ’ದ ಮೂಲ ಸಂಸ್ಕೃತದ ‘ಇಂಧ್’ ಧಾತು. ಅರ್ಥ ಹೊತ್ತಿಸು, ಬೆಳಗಿಸು. ಹೋಮದ ‘ಸಮಿಧೆ’ ಹುಟ್ಟಿದ್ದೂ ಅದರಿಂದಲೇ. ಗ್ರೀಕಿನಲ್ಲಿ ಇದರ ಬಂಧು ‘ಐಥೋ’, ಉರಿಸು ಎಂದರ್ಥ. ಅದರಿಂದ ‘ಈಥರ್’, ಈಥರಿನಿಂದ ‘ಎಥನಾಲ್’. ಪೆಟ್ರೋಲಿಗೆ ಬೆರೆಸುವ ಎಥನಾಲ್ ಹೀಗೆ ನಮ್ಮ ಸಮಿಧೆಗೆ ದೂರದ ನೆಂಟ. ಹಿಂದಿಯಲ್ಲಿ ‘ಈಂಧನ್’, ಮರಾಠಿಯಲ್ಲಿ ‘ಇಂಧನ’, ತೆಲುಗಿನಲ್ಲಿ ‘ಇಂಧನಂ’. ಅಚ್ಚಗನ್ನಡದ ಪದ ‘ಉರಿ’ಯಿಂದ ಬಂದ ‘ಉರುವಲು’.

ಶಿರಸಿ, ಎಕ್ಕಂಬಿ ಕಡೆ ಅಡಿಕೆ ಬೇಯಿಸುವ ಒಲೆಗೆ ಹಾಕುವುದು ಕಟ್ಟಿಗೆ. ಇಂಧನ ಬರಹದ ಮಾತು. ಬರಹದಲ್ಲಿ ಅದರ ಅರ್ಥ ಹಿಗ್ಗಿದೆ. ರಾಜ್ಯದ ‘ಇಂಧನ ಇಲಾಖೆ’ ನೋಡಿಕೊಳ್ಳುವುದು ವಿದ್ಯುತ್ತನ್ನು. ನಿಜವಾಗಿ ವಿದ್ಯುತ್ತು ಶಕ್ತಿ. ಅದಕ್ಕಾಗಿ ಉರಿಸುವ ಕಲ್ಲಿದ್ದಲು ಇಂಧನ. ‘ಹಸಿರು ಇಂಧನ’ ಎನ್ನಿಸಿಕೊಳ್ಳುವ ಜಲಜನಕದ ವಿಷಯದಲ್ಲಿ ಈ ವ್ಯತ್ಯಾಸ ಮುಖ್ಯ. ಗಾಳಿ, ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಪಡೆದ ಜಲಜನಕ ಇಂಧನ. ಅದರ ವೆಚ್ಚದ ದೊಡ್ಡ ಪಾಲು ಆ ವಿದ್ಯುತ್ತಿನದು.

‘ಹಸಿರು’ ಎಂಬ ವಿಶೇಷಣಕ್ಕೆ ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಳತೆ ಕೊಟ್ಟಿತು: ಒಂದು ಕಿಲೋ ಜಲಜನಕದ ತಯಾರಿಕೆಯಲ್ಲಿ ಹೊರಬೀಳುವ ಅನಿಲಗಳು, ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ, 2 ಕಿಲೋ ಮೀರಬಾರದು. ಕೃಷಿತ್ಯಾಜ್ಯದಂಥ ಜೈವಿಕ ವಸ್ತುವಿನಿಂದ ಪಡೆದ ಜಲಜನಕಕ್ಕೂ ಇದೇ ಮಿತಿ. ‘ಹಸಿರು ಇಂಧನ’ ಎಂದು ಬರೆಯುವ ಮೊದಲು ಈ ಲೆಕ್ಕ ಕೇಳಬೇಕು.