ಯಕ್ಸಂಬಾದ ಪೈಲ್ವಾನ, ಕೊಲ್ಲಾಪುರದ ಕಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಕುಸ್ತಿಪ್ರಿಯರು ಕೇಳುವುದು ಎರಡೇ ಪ್ರಶ್ನೆ: ಜೋಡಿ ಯಾರು? ಕುಸ್ತಿ ನಿಕಾಲಿಯೋ, ಬರಾಬರಿಯೋ? ಒಬ್ಬನ ಬೆನ್ನು ಮಣ್ಣಿಗೆ ತಾಗುವವರೆಗೂ ನಡೆಯುವುದು ನಿಕಾಲಿ ಕುಸ್ತಿ. ಇವರಿಗೆ ಅದೇ ನಿಜವಾದ ಕುಸ್ತಿ.

1956ರ ನವೆಂಬರ್ 1ರಂದು ಈ ಭಾಗ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯ ಸೇರಿತು. ಕೊಲ್ಲಾಪುರ ಆಚೆಯೇ ಉಳಿಯಿತು. ನಿಪ್ಪಾಣಿಯವರಿಗೆ ಬೆಳಗಾವಿಗಿಂತ ಕೊಲ್ಲಾಪುರವೇ ಹತ್ತಿರ, ಸುಮಾರು 40 ಕಿ.ಮೀ. ರಾಯಬಾಗವಂತೂ ಒಂದು ಕಾಲಕ್ಕೆ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು.

ಆ ಸಂಸ್ಥಾನದ ಶಾಹೂ ಮಹಾರಾಜರು 1902ರಲ್ಲಿ ಯುರೋಪಿಗೆ ಹೋಗಿದ್ದಾಗ ರೋಮಿನ ಕೊಲೋಸಿಯಂ ನೋಡಿ ಮಾರುಹೋದರು. ಅದರ ಫಲವೇ 1912ರಲ್ಲಿ ಸಿದ್ಧವಾದ ಖಾಸಬಾಗ ಮೈದಾನ. ನಡುವೆ ಕೆಮ್ಮಣ್ಣಿನ ಕಣ, ಸುತ್ತಲೂ ಮೇಲೇರುತ್ತ ಹೋಗುವ ಇಳಿಜಾರು. ಕಟ್ಟಕಡೆಗೆ ಕುಳಿತವನಿಗೂ ಪಟ್ಟು ಕಾಣಬೇಕು. ನೋಡುವವನ ಬಗ್ಗೆ ಇಷ್ಟು ಯೋಚಿಸಿದ ಅರಸರು ಎಷ್ಟು ಮಂದಿ?

ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದ ಶ್ರೀಪತಿ ಖಂಚನಾಳೆ ಪಳಗಿದ್ದು ಕೊಲ್ಲಾಪುರದ ತಾಲೀಮಿನಲ್ಲೇ. 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಮಲ್ಲನನ್ನು ಸೋಲಿಸಿ ಅವರು ‘ಹಿಂದ್ ಕೇಸರಿ’ಯಾದರು. ಹುಟ್ಟೂರು ಮೈಸೂರು ರಾಜ್ಯದಲ್ಲಿ, ತಾಲೀಮು ಮುಂಬಯಿ ರಾಜ್ಯದಲ್ಲಿ. ಹಾಗಾದರೆ ಗದೆ ಯಾರದು? ದೇಶ ಅವರನ್ನು ಗುರುತಿಸಿದ್ದು ಮಹಾರಾಷ್ಟ್ರದ ಪೈಲ್ವಾನರೆಂದು. ಯಕ್ಸಂಬಾ ತನ್ನ ಹಕ್ಕು ಬಿಟ್ಟುಕೊಡಲಿಲ್ಲ.

ಮುಂದೆ ಪದವಿಗಳೂ ಪಾಲಾದವು. ಆಚೆ 1961ರಿಂದ ‘ಮಹಾರಾಷ್ಟ್ರ ಕೇಸರಿ’, ಈಚೆ ‘ಕರ್ನಾಟಕ ಕೇಸರಿ’. ಪೈಲ್ವಾನನಿಗೆ ಒಂದು ರಾಜ್ಯ ಸಾಕು. ಗಡಿಯ ಅಭಿಮಾನಿಗೆ ಎರಡೂ ಕಡೆಯ ಫಲಿತಾಂಶ ಬೇಕು. ಖಂಚನಾಳೆ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಕೊಲ್ಲಾಪುರದಲ್ಲಿ.