ಸಿದ್ದಿಗಳ ಹಬ್ಬ, ವೇದಿಕೆ ಮತ್ತು ನೆಲ: ಒಂದು ಚಾರಿತ್ರಿಕ ಟಿಪ್ಪಣಿ

ಪುಣೆಯ ಪರಿಸರದಲ್ಲಿ ಇತಿಹಾಸವನ್ನು ಅಭ್ಯಸಿಸುವವರಿಗೆ ‘ಸಿದ್ದಿ’, ‘ಹಬಸಿ’ ಎಂಬ ಮಾತುಗಳು ಅಧಿಕಾರದ ಚಿತ್ರವನ್ನೇ ಮುಂದಿಡುತ್ತವೆ. 1626ರಲ್ಲಿ ತೀರಿಕೊಳ್ಳುವವರೆಗೂ ಅಹಮದನಗರದ ನಿಜಾಮಶಾಹಿಯನ್ನು ಎತ್ತಿಹಿಡಿದ ಮಲಿಕ್ ಅಂಬರ್, ಮರಾಠರಿಗೆ ವಶವಾಗದ ಜಂಜೀರಾದ ಜಲದುರ್ಗ, ಇವು ಇಲ್ಲಿಯ ಪರಿಚಿತ ಸಂಗತಿಗಳು. ಅದೇ ಸಹ್ಯಾದ್ರಿಯಲ್ಲಿ ದಕ್ಷಿಣಕ್ಕೆ ಸರಿದರೆ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳ ಕಾಡಿನಲ್ಲಿ ಅದೇ ಹೆಸರಿನ ಜನ ಕೋಟೆಯಿಲ್ಲದೆ, ಸಂಸ್ಥಾನವಿಲ್ಲದೆ ಬದುಕಿದ್ದಾರೆ. ಪೋರ್ಚುಗೀಸರು ಆಫ್ರಿಕದ ಪೂರ್ವ ತೀರದಿಂದ ಗೋವೆಗೆ ತಂದ ಗುಲಾಮರಲ್ಲಿ ಅನೇಕರು ಒಡೆಯರಿಂದ ತಪ್ಪಿಸಿಕೊಂಡು ಘಟ್ಟವನ್ನೇರಿದರು. ಇವರು ಬಹುಮಟ್ಟಿಗೆ ಅವರ ಸಂತತಿ.

ಬ್ರೆಜಿಲಿನ ‘ಕಿಲೊಂಬೊ’ಗಳೊಡನೆ ಇವರನ್ನು ಹೋಲಿಸಲು ಆಸ್ಪದವಿರುವುದು ಈ ಪಲಾಯನದ ಚರಿತ್ರೆಯಲ್ಲಿ. ಅಲ್ಲಿಯೂ ಪೋರ್ಚುಗೀಸರ ಗುಲಾಮಗಿರಿಯಿಂದ ಓಡಿಹೋದವರು ಕಾಡಿನಲ್ಲಿ ನೆಲೆಗಳನ್ನು ಕಟ್ಟಿಕೊಂಡರು. 1988ರ ಬ್ರೆಜಿಲ್ ಸಂವಿಧಾನ ಅವರ ವಂಶಜರಿಗೆ ತಾವು ನೆಲೆಸಿದ ಭೂಮಿಯ ಒಡೆತನವನ್ನು ಮಾನ್ಯಮಾಡಿತು. ಹೀಗಾಗಿ ಅಲ್ಲಿ ಹಬ್ಬ, ಪ್ರವಾಸೋದ್ಯಮಗಳ ಚರ್ಚೆ ಭೂಮಿಯ ಚರ್ಚೆಯಿಂದ ಬೇರೆಯಾಗಿ ನಿಲ್ಲುವುದಿಲ್ಲ. ಸಿದ್ದಿಗಳ ವಿಷಯದಲ್ಲಿ ಮಾತ್ರ ನಾವು ಇವೆರಡನ್ನೂ ಬೇರೆಬೇರೆ ಕಡತಗಳಲ್ಲಿಟ್ಟು ನೋಡುತ್ತ ಬಂದಿದ್ದೇವೆ.

ಸಿದ್ದಿಗಳಲ್ಲಿ ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಮೂವರೂ ಇದ್ದಾರೆ. ಮನೆಮಾತು ಕೆಲವರದು ಕೊಂಕಣಿಯ ಒಂದು ಬಗೆ, ಕೆಲವರದು ಉರ್ದು. ಹೊರಗಿನ ವ್ಯವಹಾರ ಕನ್ನಡದಲ್ಲಿ. ಟಿ. ಸಿ. ಪಾಲಾಕ್ಷಪ್ಪನವರು 1976ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈಚೆಗೆ ಬಂದ ಬರಹಗಳನ್ನು ನೋಡಿದರೆ, ಇಷ್ಟು ಹಂಚಿಹೋದವರನ್ನು ಒಂದು ಸಮುದಾಯವೆನಿಸುವುದು ಯಾವುದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉತ್ತರದ ಒಂದಂಶ ಆಚರಣೆಯಲ್ಲಿದೆ. ಮನೆಯೊಳಗೆ ಸತ್ತ ಹಿರಿಯರ ಪೂಜೆ ನಡೆಯುತ್ತದೆ. ಮನೆಯ ಹೊರಗೆ, ಯಲ್ಲಾಪುರ ತಾಲೂಕಿನ ಸಾತುಂಬೈಲಿನಲ್ಲಿ ಸಿದ್ದಿನಾಸನೆಂಬ ದೈವದ ಉತ್ಸವಕ್ಕೆ ಮತಭೇದವಿಲ್ಲದೆ ಸಿದ್ದಿಗಳು ಸೇರುತ್ತಾರೆ. ಇಲ್ಲಿ ದೈವ, ಸ್ಥಳ, ಬಂಧುತ್ವ ಮೂರೂ ಕೂಡಿಕೊಂಡಿವೆ. ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಬಿಡಲಾಗದು.

ಡಮಾಮಿಯ ಕತೆ ಹಾಗಲ್ಲ. ಮರದ ಕೊರಡನ್ನು ಕೊರೆದು ಎರಡು ಕಡೆಗೂ ಚರ್ಮ ಬಿಗಿದ ಈ ವಾದ್ಯ ಹಗುರಾಗಿ ಊರು ಬಿಟ್ಟು ಹೊರಡಬಲ್ಲದು. ಹಾಗೆ ಹೊರಟೂ ಇದೆ. ಮೈಸೂರು ದಸರೆಯ ಮೆರವಣಿಗೆಯಲ್ಲಿ, ಸರಕಾರಿ ಉತ್ಸವಗಳಲ್ಲಿ, ದಾಂಡೇಲಿ ಸುತ್ತಲಿನ ವಿಹಾರಧಾಮಗಳ ಸಂಜೆಗಳಲ್ಲಿ ಡಮಾಮಿ ಕುಣಿತ ಈಗ ಪರಿಚಿತ ನೋಟ. ಗುಜರಾತಿನ ಗೀರ್ ಅರಣ್ಯದಂಚಿನ ಜಂಬೂರಿನಲ್ಲಿಯೂ ಸಿಂಹ ನೋಡಲು ಬಂದವರಿಗೆ ಸಿದ್ದಿಗಳ ಧಮಾಲ್ ಒಂದು ಹೆಚ್ಚುವರಿ ಆಕರ್ಷಣೆಯಾಗಿದೆ. ಗೋರಿ ಪೀರರ ಭಕ್ತಿಯಲ್ಲಿ ಅದಕ್ಕಿರುವ ಮೂಲವನ್ನು ಪ್ರೇಕ್ಷಕರು ಕೇಳುವುದು ಅಪರೂಪ.

ಹಾಗೆಂದು ವೇದಿಕೆಯನ್ನು ಬರಿದೇ ನಿಂದಿಸುವುದು ನ್ಯಾಯವಲ್ಲ. ಅಂಥ ನಿಂದೆ ಬರುವುದು ಸಾಮಾನ್ಯವಾಗಿ ಕೂಲಿಯ ಚಿಂತೆಯಿಲ್ಲದವರಿಂದ. ಪರಿಶಿಷ್ಟ ಪಂಗಡದ ಮಾನ್ಯತೆಗೆ ವಿಶಿಷ್ಟ ಸಂಸ್ಕೃತಿಯೂ ಒಂದು ಲಕ್ಷಣವೆಂದು ಸರಕಾರವೇ ಎಣಿಸುವಾಗ, ಕಣ್ಣಿಗೆ ಬೀಳುವ ಕಲೆಯನ್ನು ಅಲ್ಪವೆನ್ನಲಾಗದು. ಉತ್ತರ ಕನ್ನಡದ ಸಿದ್ದಿಗಳಿಗೆ ಆ ಮಾನ್ಯತೆ 2003ರಲ್ಲಿ ದೊರೆಯಿತು. 2020ರಲ್ಲಿ ಅದೇ ಸಮುದಾಯದಿಂದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಯಲ್ಲಾಪುರದ ಕಡೆ ಸಿದ್ದಿ ಮಹಿಳೆಯರೇ ಡಮಾಮಿಯ ಹೆಸರಿನಲ್ಲಿ ಪ್ರವಾಸಿಗಳಿಗೆ ವಸತಿ ಏರ್ಪಡಿಸತೊಡಗಿರುವುದೂ ಗಮನಾರ್ಹ. ವಿಹಾರಧಾಮಕ್ಕೆ ಕರೆಸಿಕೊಂಡ ಕುಣಿತಕ್ಕೂ ತಮ್ಮ ಅಂಗಳದಲ್ಲಿ ತಾವೇ ಬರಮಾಡಿಕೊಂಡ ಅತಿಥಿಗಳ ಮುಂದಣ ಕುಣಿತಕ್ಕೂ ಆದಾಯದ ಲೆಕ್ಕದಲ್ಲಷ್ಟೇ ಅಲ್ಲ, ಏನನ್ನು ತೋರಿಸಬೇಕು, ಯಾವುದನ್ನು ತೋರಿಸಬಾರದು ಎಂದು ನಿರ್ಣಯಿಸುವ ಅಧಿಕಾರದಲ್ಲಿಯೂ ಅಂತರವಿದೆ.

ಇನ್ನು ನೆಲದ ಮಾತು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಅನುಭೋಗವನ್ನು ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸವನ್ನು ಸಿದ್ಧಪಡಿಸಬೇಕು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಪಟ್ಟಿಗೆ ಸೇರಿದ್ದು 2020ರಲ್ಲಿ. ಅಲ್ಲಿಯವರೆಗೆ ಜಿಲ್ಲೆಯ ಗಡಿಯ ಆಚೆಈಚೆಗಿನ ಒಂದೇ ಜನಕ್ಕೆ ಎರಡು ಅಳತೆಗಳಿದ್ದವು. ಓಡಿಬಂದು ಕಾಡಿನಲ್ಲಿ ಅಡಗಿದವರ ಬಳಿ ಹಳೆಯ ದಾಖಲೆಗಳನ್ನು ನಿರೀಕ್ಷಿಸುವುದೆಂತು? ಆ ಕಾಯಿದೆಯ 2008ರ ನಿಯಮಗಳು ಪುರಾವೆಗಳನ್ನು ಎಣಿಸುವಾಗ ಬಾವಿ, ಸ್ಮಶಾನ, ಪವಿತ್ರ ಸ್ಥಳಗಳನ್ನೂ ಹೆಸರಿಸಿವೆ. ಹಿರಿಯರನ್ನು ಹೂಳಿದ ಜಾಗ, ದೈವವಿರುವ ಬನ, ಅಲ್ಲಿಗೆ ವರ್ಷವರ್ಷವೂ ಹೋಗಿಬರುವ ದಾರಿ, ಇವು ಆ ನಿಯಮದ ಅರ್ಥದಲ್ಲಿ ದಾಖಲೆಗಳೇ. ಮೈಸೂರಿನ ಬೀದಿಯಲ್ಲಿ ಬಾರಿಸಿದ ಡಮಾಮಿ ಎಷ್ಟೇ ಚಪ್ಪಾಳೆ ಗಳಿಸಿದರೂ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಮುಂದೆ ಇಡಲು ಬರುವುದಿಲ್ಲ. ಸಾತುಂಬೈಲಿನಂಥ ಸ್ಥಳ ಬರುತ್ತದೆ. ಸಿದ್ದಿಗಳ ಹಾಡು, ಕುಣಿತಗಳ ಸಂಗ್ರಹಕ್ಕೆ ನಮ್ಮಲ್ಲಿ ಸಾಕಷ್ಟು ಶ್ರಮ ಸಂದಿದೆ. ಅವರ ಪೂಜಾಸ್ಥಳಗಳನ್ನು ಊರೂರಿಗೆ ಹೋಗಿ, ಹಿರಿಯರಿಂದ ಕೇಳಿ, ನಕ್ಷೆಯ ಮೇಲೆ ಗುರುತಿಸುವ ಕೆಲಸ ಮೊದಲು ಆಗಬೇಕಾದದ್ದು.